ನೋಡಿ: ತಾಯಿ

ಆ ಚಳಿಗಾಲ ಟಿಬಿಲಿಸಿಯಲ್ಲಿ ಕರೆಂಟಿರಲಿಲ್ಲ, ಗ್ಯಾಸಿರಲಿಲ್ಲ.
ಬ್ರೆಡ್ಡಿನ ಸಾಲು ಬೆಳಗಿನ ನಾಲ್ಕಕ್ಕೇ ಶುರು.
ನಾವು ಮಾತ್ರ ಮೂರನೇ ಮಹಡಿಯಲ್ಲಿ
ಬೆರಳು ಕತ್ತರಿಸಿದ ಕೈಗವಸು ತೊಟ್ಟು
ಸಮಾನಾರ್ಥಕ ಕೋಶ ಕಟ್ಟುತ್ತಿದ್ದೆವು.

ನಾವು ಅಂದರೆ ಮ್ಜೆವಿನಾರ್, ಅರವತ್ತೆರಡು, ಸಂಪಾದಕಿ;
ಬೋಂದೋ, ಹಳೇ ಸರಕಾರದ ಪತ್ರಿಕೆಯಿಂದ ಬಂದವನು;
ಮತ್ತೆ ನಾನು, ಹತ್ತೊಂಬತ್ತು, ಚೀಟಿ ಬರೆಯುವವಳು.

ಆ ವಾರದ ನಮೂದು: ಅತಿ ಮುಖ್ಯ.
ಪ್ರಮುಖ, ಪ್ರಧಾನ, ಪರಮ, ಸರ್ವೋಚ್ಚ,
ಅಗ್ರ, ಆದ್ಯ, ನಿರ್ಣಾಯಕ,
ಜೀವಾಳ, ತಿರುಳು, ಬೆನ್ನೆಲುಬು, ಕೀಲು...
ಮದುವೆಮನೆಗೆ ಬಂದ ಬೀಗರ ಹಾಗೆ
ಎಲ್ಲರಿಗೂ ಮುಂದಿನ ಕುರ್ಚಿಯೇ ಬೇಕು.

ಬೋಂದೋ ಹೇಳಿದ: ಸರ್ವೋಚ್ಚ ಮೊದಲು.
ಮೂವತ್ತು ವರ್ಷ ಮೊದಲ ಪುಟದಲ್ಲಿ ಅದನ್ನೇ ಹಾಕಿದ್ದೇವೆ.
ಅದಕ್ಕೇ ಸವೆದಿದೆ, ಅಂದಳು ಮ್ಜೆವಿನಾರ್.
ಅಕ್ಷರದ ಸಾಲಿನಲ್ಲಿ ನಿಲ್ಲಲಿ ಎಲ್ಲ,
ಬ್ರೆಡ್ಡಿಗೆ ನಾವು ನಿಲ್ಲುವುದಿಲ್ಲವೇ.

ಮೊಂಬತ್ತಿಗೆ ಒಂದೊಂದೇ ಚೀಟಿ ಹಿಡಿಯುತ್ತಿದ್ದಳು
ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ.
ಇದರೊಳಗೊಂದು ತಲೆ ಇದೆ.
ಇದರೊಳಗೊಂದು ಶಿಖರ.
ಇದರೊಳಗೆ, ಬೋಂದೋ, ಏನೂ ಇಲ್ಲ.

ಕಟ್ಟಿಗೆ ಮಾರುವ ಎಲ್ಗೂಜಾ ಮೆಟ್ಟಿಲು ಹತ್ತಿ ಬಂದ,
ಒಂದು ಕಾಲದಲ್ಲಿ ಬಡಗಿ, ಈಗ ಪಾರ್ಕಿನ ಮರ ಕಡಿಯುವವನು.
ನಮ್ಮ ಜಗಳ ಕೇಳಿ ನಕ್ಕ, ಹಲ್ಲಿಲ್ಲದ ನಗು.
ಮನೆಯ ನಡುಗಂಬಕ್ಕೆ ನಮ್ಮೂರಲ್ಲಿ ಏನಂತಾರೆ? ತಾಯಿಕಂಬ.
ರಾಜಧಾನಿಗೆ? ತಾಯಿನಗರ.
ಭಾಷಣದಲ್ಲಿ ಏನಾದರೂ ಹುರುಳಿದ್ದರೆ, ಅದಕ್ಕೆ? ತಾಯಿಯೋಚನೆ.
ನಿಮ್ಮ ಡಬ್ಬಿಯಲ್ಲಿ ಅಷ್ಟೆಲ್ಲ ಪದ ಯಾಕೆ?

ದೆದಾ, ಅಂದರೆ ತಾಯಿ. ಅವನು ಅದನ್ನು
ಕೊಡಲಿ ಇಟ್ಟಷ್ಟೇ ಭಾರವಾಗಿ ಮೇಜಿನ ಮೇಲಿಟ್ಟ.
ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ:
ಸುಡುವ ದಿನ ಬಂದರೆ ಮೊದಲು ಕುರ್ಚಿ ಸುಡಿ,
ಆಮೇಲೆ ಬಾಗಿಲು, ಆಮೇಲೆ ತೊಲೆ.
ಕೊನೆಗೆ ಉಳಿದದ್ದೇ ಮುಖ್ಯ. ಬರೆದುಕೊಳ್ಳಿ.
ಬರೆದುಕೊಂಡೆ.

ಆ ದಿನ ಬಂತು. ಫೆಬ್ರವರಿ.
ಮೊದಲು ಕುರ್ಚಿ ಸುಟ್ಟೆವು, ಅವನು ಹೇಳಿದ ಹಾಗೆಯೇ.
ಆಮೇಲೆ ಚೀಟಿಗಳು. ಸರ್ವೋಚ್ಚ ಬರೀ ಹೊಗೆ ಕೊಟ್ಟಿತು,
ಬೋಂದೋ ಮುಖ ತಿರುಗಿಸಿ ಕೂತ.
ಪರಮ ಒಂದು ನಿಮಿಷ. ಪ್ರಧಾನ ಎರಡು.

ಒಂದು ರಾತ್ರಿ ಪಹರೆಗೆ ನಾನೊಬ್ಬಳೇ.
ಕೆಳಗೆ ಕಾವಲಿನ ಮುದುಕಿಯ ಮೊಮ್ಮಗಳು ನೂತ್ಸಾ
ಕೆಮ್ಮಿದಳು, ಕೆಮ್ಮಿದಳು, ಆಮೇಲೆ
ಕೆಮ್ಮುವುದಕ್ಕೂ ಉಸಿರು ಸಾಲದ ಹಾಗಾಯಿತು.
ಮೊಂಬತ್ತಿ ಮುಗಿದಿತ್ತು.
ಕತ್ತಲಲ್ಲಿ ಕೈಗೆ ಸಿಕ್ಕ ಡ್ರಾಯರನ್ನು ಹಾಗೇ ಎಳೆದೆ.
ಒಣ ಕಾಗದ, ನಲವತ್ತು ವರ್ಷದ್ದು, ಚೆನ್ನಾಗಿ ಹತ್ತಿಕೊಂಡಿತು.
ನೀರು ಕುದಿಯಿತು. ಆವಿ ಹಿಡಿಸಿದೆವು,
ಬೆಳಗಿನವರೆಗೂ ಮಗುವಿನ ಬೆನ್ನು ತಿಕ್ಕಿದೆವು.

ಖಾಲಿ ಡ್ರಾಯರಿನ ಮೇಲಿನ ಅಕ್ಷರ ಬೆಳಕಾದ ಮೇಲೇ ಓದಿದ್ದು.
ಅದರಲ್ಲಿ ಹಳ್ಳಿ ಹಳ್ಳಿ ತಿರುಗಿ ತಂದ
ಮುನ್ನೂರು ಉದಾಹರಣೆಗಳಿದ್ದವು,
ಲಾಲಿ, ಗಾದೆ, ಬೈಗುಳ, ಯುದ್ಧದಿಂದ ಬಂದ ಕಾಗದ.

ಮ್ಜೆವಿನಾರ್ ಬಂದಳು. ಡ್ರಾಯರು ನೋಡಿದಳು. ನನ್ನನ್ನೂ.
ಮಗು ಹೇಗಿದೆ, ಅಂದಳು.
ಮಲಗಿದೆ, ಅಂದೆ.
ಟೋಪಿ ತೆಗೆದು ಮತ್ತೆ ಹಾಕಿಕೊಂಡಳು.
ಸುಟ್ಟಿತು ಅನ್ನಬೇಡ, ನಮ್ಮ ಕಸುಬಿನಲ್ಲಿ ಇದಕ್ಕೆ
ಬಳಕೆ ಅಂತಾರೆ.
ಆಮೇಲೆ ಇಡೀ ದಿನ ನನ್ನ ಜೊತೆ ಮಾತಾಡಲಿಲ್ಲ.

ಕೋಶ ಅಚ್ಚಾಗಲು ಹನ್ನೊಂದು ವರ್ಷ ಹಿಡಿಯಿತು.
ಅವಳು ನೋಡಲಿಲ್ಲ.
ಇನ್ನೂರ ಹನ್ನೆರಡನೇ ಪುಟದಲ್ಲಿ,
ಅವಳೇ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ ಹಾಗೆ:
ಅತಿ ಮುಖ್ಯ. ನೋಡಿ: ತಾಯಿ.
ಹಾಳೆ ತಿರುವಿ ಹೋದರೆ, ತಾಯಿ ಇರಬೇಕಾದಲ್ಲಿ
ಅರ್ಧ ಪುಟ ಬಿಳಿ.

ಈಗಲೂ ವರ್ಷಕ್ಕೆರಡು ಕಾಗದ ಬರುತ್ತವೆ,
ಶಾಲೆಯ ಮೇಷ್ಟ್ರುಗಳಿಂದ, ನಿವೃತ್ತರಿಂದ,
ಒಂದು ಸಲ ಜೈಲಿನಿಂದ.
ಎಲ್ಲದಕ್ಕೂ ನಾನೇ ಉತ್ತರಿಸುತ್ತೇನೆ:
ಮುದ್ರಣದೋಷ. ಕ್ಷಮಿಸಿ.